ತೋಟದಲ್ಲಿ ಫೈಬರ್ ಹೂಳಿಸುವ ಮೊದಲು ಕೇಬಲ್ ಯಾವುದು ಅಂತ ನೋಡಿ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ತೋಟದ ಮನೆಯವರಿಗೆ ಹೇಳ್ತಾ ಇದ್ದೇನೆ. ಮೇಲಿಂದ ಲೈನ್ ಎಳೆದರೆ ಮಡಲು ಬಿದ್ದು ತುಂಡಾಗುತ್ತದೆ ಅಂತ ರಸ್ತೆಯಿಂದ ಮನೆವರೆಗೆ ನೆಲದಡಿಯಲ್ಲೇ ಇಂಟರ್ನೆಟ್ಟಿನ ಫೈಬರ್ ಹಾಕಿಸಿದೆವು. ಕೆಲಸ ಹಿಡಿದವ "ಒಳಗೆ ಸ್ಟೀಲ್ ಉಂಟು ಅಣ್ಣಾ, ಆರ್ಮರ್ಡ್ ಇದು" ಅಂದ. ಆಟಿ ಮಳೆ ಹಿಡಿಯಿತು ನೋಡಿ, ಮೋಡೆಮಿನಲ್ಲಿ ಕೆಂಪು ದೀಪ!

ಬೇರೆ ಹುಡುಗನೊಬ್ಬ ಬಂದು ಓಟಿಡಿಆರ್ ಅಂತ ಫೈಬರ್ ಪರೀಕ್ಷೆ ಮಾಡುವ ಯಂತ್ರ ಹಾಕಿ, ತುಂಡಾದದ್ದು ಎಷ್ಟು ಮೀಟರ್ ದೂರದಲ್ಲಿ ಅಂತ ಕಂಡುಹಿಡಿದ. ಕಣಿಯ ಬದಿ ಅಗೆದರೆ ಕೇಬಲ್ ಒಂದು ಗೇಣು ಆಳದಲ್ಲೂ ಇಲ್ಲ. ಚಪ್ಪಟೆ ಕೇಬಲ್ಲು, ಹೆಗ್ಗಣ ಸಿಪ್ಪೆ ಸುಲಿದ ಹಾಗೆ ತಿಂದಿತ್ತು. ಸ್ಟೀಲ್ ತಂತಿ ತುಕ್ಕು ಹಿಡಿದು ಉಳಿದಿತ್ತು, ಪಕ್ಕದ ಗಾಜಿನ ಎಳೆ ತುಂಡು.

ಅದು ಡ್ರಾಪ್ ಕೇಬಲ್. ಆ ತಂತಿ ಇರುವುದು ಕಂಬದಿಂದ ಮನೆಗೆ ನೇತು ಹಾಕುವಾಗ ಭಾರ ಹೊರಲು, ಹೆಗ್ಗಣದ ಹಲ್ಲು ತಡೆಯಲು ಅಲ್ಲ. ಆರ್ಮರ್ ಅಂದರೆ ಎಳೆಗಳಿರುವ ಕೊಳವೆಯ ಸುತ್ತ ಸುಕ್ಕುಸುಕ್ಕಾದ ಸ್ಟೀಲ್ ಪಟ್ಟಿ, ಅದರ ಮೇಲೆ ಕಪ್ಪು ಪಾಲಿಥೀನ್ ಹೊದಿಕೆ. ನೇರ ಮಣ್ಣಿಗೆ ಹಾಕುವುದಾದರೆ ಇದೇ ಬೇಕು. ನಮ್ಮ ಮಳೆಗೆ, ಒಳಗೆ ನೀರು ಹರಿಯದಂತೆ ಗ್ರೀಸಿನಂಥ ಜೆಲ್ಲಿಯೋ ನೀರು ಹೀರುವ ನೂಲೋ ಇರಲೇಬೇಕು.

ಎಚ್‌ಡಿಪಿಇ ಅಂದರೆ ಗಟ್ಟಿ ಪ್ಲಾಸ್ಟಿಕ್ ಪೈಪ್ ಹೂಳಿ ಒಳಗೆ ಎಳೆಯುವುದಾದರೆ ಆರ್ಮರ್ ಇಲ್ಲದ ಡಕ್ಟ್ ಕೇಬಲ್ ಸಾಮಾನ್ಯವಾಗಿ ಸಾಕು. ನನ್ನ ಕೇಳಿದರೆ ತೋಟಕ್ಕೆ ಇದೇ ವಾಸಿ. ಕೆಟ್ಟರೆ ಎಳೆದು ಬೇರೆ ಹಾಕಬಹುದು, ಬುಡ ಬಿಡಿಸುವವರ ಹಾರೆ ತಾಗುವ ಹೆದರಿಕೆಯೂ ಕಮ್ಮಿ. ಎಳೆಯುವಾಗ ತುಂಬಾ ಬಗ್ಗಿಸಲು ಬಿಡಬೇಡಿ: ಕೇಬಲ್ 10 ಮಿಲಿಮೀಟರ್ ದಪ್ಪ ಇದ್ದರೆ ತಿರುವಿನ ತ್ರಿಜ್ಯ 20 ಸೆಂಟಿಮೀಟರಿಗಿಂತ ಕಮ್ಮಿ ಆಗಬಾರದು. ಮುರಕಲ್ಲು ಕಡಿದ ಜಾಗದಲ್ಲಿ ಅಡಿಗೂ ಮೇಲೂ ಮರಳು ಹಾಸಿ. ಜೀಪು, ಲಾರಿ ಹೋಗುವ ದಾರಿ ದಾಟುವಲ್ಲಿ ಜಿಐ ಪೈಪ್ ಹಾಕಿಸಿ.

ಸಿಡಿಲಿನ ಮಾತು ಯಾರೂ ಎತ್ತುವುದೇ ಇಲ್ಲ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯದು, ಆದರೆ ಸ್ಟೀಲ್ ಪಟ್ಟಿಯಲ್ಲಿ ಹರಿಯುತ್ತದೆ. ಆರ್ಮರ್ ಕೇಬಲ್ ಆದರೆ ಸರಿಯಾಗಿ ಅರ್ತಿಂಗ್ ಮಾಡಿಸಿ. ಪೈಪಿನೊಳಗೆ ಹಾಕುವವರು ಲೋಹವೇ ಇಲ್ಲದ, ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಕಡ್ಡಿಯ ಕೇಬಲ್ ಕೇಳಿ, ಆ ತಲೆಬಿಸಿಯೇ ಬೇಡ.

ಮೊದಲು ಕೆಲಸ ಹಿಡಿದವನಿಗೆ ಫೋನ್ ಮಾಡಿದರೆ "ಹೆಗ್ಗಣಕ್ಕೆ ನಾನೇನು ಮಾಡ್ಲಿ?" ಅಂತಾನೆ. ಬಿಲ್ಲಿನಲ್ಲಿ ಬರೆದದ್ದು ಸುಮ್ನೆ "ಫೈಬರ್ ಕೇಬಲ್" ಅಂತ, ಹಾಗಾಗಿ ಜಗಳಕ್ಕೂ ಹಿಡಿತ ಇಲ್ಲ. ಕೇಬಲಿನ ಮೈಮೇಲೆ ಕಂಪನಿ, ಮಾದರಿ, ಮೀಟರ್ ಅಂಕಿ ಅಚ್ಚಾಗಿರುತ್ತದೆ ಅಲ್ವಾ, ಅದನ್ನೇ ಬಿಲ್ಲಿನಲ್ಲಿ ಬರೆಸಿ. ಕೇಬಲಿಗೆ ಅಗೆದ ಚರಂಡಿ ಮುಚ್ಚುವ ಮೊದಲು ಅಲ್ಲಲ್ಲಿ ಅಳತೆ ಟೇಪು ಇಟ್ಟು, ಆಳ ಕಾಣುವ ಹಾಗೆ ಫೋಟೋ ತೆಗೆದುಕೊಳ್ಳಿ. ಬಾಕಿ ಹಣ ಕೊಡುವುದು ಆಮೇಲೆ.