ಕಾಸರಗೋಡಿನ ವ್ಯಸನಮುಕ್ತಿ ಕೇಂದ್ರ: ಚಿಕಿತ್ಸೆ ಉತ್ತಮ, ಭಾಷೆಯೇ ತೊಡಕು

ಗಾಂಜಾ ಮಾರಾಟಕ್ಕೆ ಕಾನೂನಿನ ಒಪ್ಪಿಗೆ ಕೊಡಬೇಕೆಂಬ ವಾದ ಕೇಳಿಬರುತ್ತಿರುವಾಗ, ಅಕ್ಕನ ಮಗನೊಂದಿಗೆ ಮೂರು ತಿಂಗಳು ಈ ಕೇಂದ್ರಕ್ಕೆ ಓಡಾಡಿದೆ. ವೈದ್ಯರು ಅವನನ್ನು ರೋಗಿಯೆಂದೇ ಕಂಡರು. 1985ರ ಮಾದಕವಸ್ತು ಕಾಯ್ದೆಯ 64ಎ ಕಲಮು, ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಕಡೆ ಚಿಕಿತ್ಸೆ ಪೂರ್ಣಗೊಳಿಸುವ ವ್ಯಸನಿಗೆ ಮೊಕದ್ದಮೆಯಿಂದ ವಿನಾಯಿತಿ ಕೊಡುತ್ತದೆಂದು ಅವರು ವಿವರಿಸಿದ ಮೇಲೆಯೇ ಅಕ್ಕನ ಭಯ ತಗ್ಗಿತು. ಆದರೆ ಆಪ್ತಸಮಾಲೋಚನೆ ಮಲಯಾಳದಲ್ಲಷ್ಟೇ ನಡೆಯಿತು. ಎಣ್ಮಕಜೆಯ ಕಡೆ ಕನ್ನಡದಲ್ಲೇ ಓದಿದ ಹುಡುಗ ಮನಸ್ಸಿನ ಸಂಕಟವನ್ನು ಅರೆಬರೆ ಬಲ್ಲ ಭಾಷೆಯಲ್ಲಿ ಹೇಗೆ ಹೇಳಿಯಾನು? 2001ರಲ್ಲಿ ಪೋರ್ಚುಗಲ್ ಸ್ವಂತ ಬಳಕೆಯನ್ನು ಅಪರಾಧದ ಪಟ್ಟಿಯಿಂದ ತೆಗೆದಾಗಲೂ ಮಾರಾಟವನ್ನು ಅಪರಾಧವಾಗಿಯೇ ಉಳಿಸಿ, ಚಿಕಿತ್ಸೆಯನ್ನು ವಿಸ್ತರಿಸಿತು. ಇಲ್ಲಿ ಕನ್ನಡ ಬಲ್ಲ ಒಬ್ಬ ಸಮಾಲೋಚಕರೂ ಇಲ್ಲದಿರುವಾಗ ಮಾರಾಟಕ್ಕೆ ಅನುಮತಿಯನ್ನು ನಾನು ಒಪ್ಪಲಾರೆ. ಔಷಧದ ವೇಳೆಯನ್ನು ಕನ್ನಡದಲ್ಲಿ ಬರೆದುಕೊಟ್ಟ ದಾದಿಯೊಬ್ಬರನ್ನು ಅಕ್ಕ ಇಂದಿಗೂ ನೆನೆಯುತ್ತಾಳೆ.