ಕನ್ನಡ ಪಟ್ಟಿಗೆ ವೀಜಿಪ್ರಿಂಟೋ, ಹೆಡ್‌ಲೆಸ್ ಕ್ರೋಮೋ? ಒತ್ತಕ್ಷರ ಒಡೆಯದ ಪಿಡಿಎಫ್ ಹುಡುಕಿದ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ. ಕೋಡ್ ಪೈಥಾನಿನಲ್ಲಿದೆ, ಸರ್ವರ್ ಚಿಕ್ಕದು, ಬಿಲ್ ಮಾತ್ರ ಕನ್ನಡದಲ್ಲೇ ಅಚ್ಚುಕಟ್ಟಾಗಿ ಬರಬೇಕು ಅನ್ನುವವರು ವೆಬ್ ಪುಟವನ್ನು ಪಿಡಿಎಫ್ ಮಾಡಿಕೊಡುವ ವೀಜಿಪ್ರಿಂಟ್ ಲೈಬ್ರರಿ ಹಾಕಿಕೊಂಡು ಮುಂದಿನ ಕೆಲಸ ನೋಡಿ. ಹೆಡ್‌ಲೆಸ್ ಕ್ರೋಮ್ (ಪರದೆಯಿಲ್ಲದೆ ಓಡುವ ಬ್ರೌಸರ್), ಎಂಪಿಡಿಎಫ್, ಡಾಂಪಿಡಿಎಫ್, ಲಿಬ್ರೆಆಫೀಸ್ ಎಲ್ಲವನ್ನೂ ಒಂದೇ ಕೆಲಸಕ್ಕೆ ಓಡಿಸಿ ನೋಡಿದ ಮೇಲೆ ಹೇಳುತ್ತಿದ್ದೇನೆ. ಎಲ್ಲವೂ ಪುಕ್ಕಟೆ ಸಿಗುತ್ತವೆ, ಹಾಗಾಗಿ ಬೆಲೆಯ ಮಾತೇ ಇಲ್ಲ ಅಂದುಕೊಳ್ಳಬೇಡಿ. ಖರ್ಚು ಬೇರೆ ದಾರಿಯಲ್ಲಿ ಬರುತ್ತದೆ.

ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಸಣ್ಣ ವ್ಯಾಪಾರಿಗಳಿಗೆ ಜಾಂಗೋ ಎಂಬ ಪೈಥಾನ್ ಫ್ರೇಮ್‌ವರ್ಕಿನಲ್ಲಿ ವೆಬ್ ಅಪ್ಲಿಕೇಶನ್ ಬರೆದುಕೊಡುತ್ತೇನೆ. ಈ ಕೆಲಸ ಮಂಡ್ಯದ ಒಂದು ಬೆಲ್ಲದ ಮಂಡಿಯದು. ಆಲೆಮನೆಯಿಂದ ಬಂದ ಬೆಲ್ಲ ಹರಾಜಾದ ಮೇಲೆ ರೈತರ ಕೈಗೊಂದು ಪಟ್ಟಿ ಕೊಡಬೇಕು: ಹೆಸರು, ಊರು, ಬೆಲ್ಲದ ಬಗೆ, ತೂಕ, ಕ್ವಿಂಟಾಲ್‌ಗೆ ದರ, ಹಮಾಲಿ ಖರ್ಚು, ಮುಂಗಡ ಕಳೆದು ಉಳಿದ ಮೊತ್ತ. ಅರ್ಧ ಎ4 ಹಾಳೆಯಲ್ಲಿ ಒಂದು ಪ್ರತಿ, ವಾಟ್ಸಾಪಿಗೆ ಒಂದು ಪಿಡಿಎಫ್. ಇದಕ್ಕೂ ಮೊದಲು ಅವರು ದುಡ್ಡು ಕೊಟ್ಟು ಒಂದು ರೆಡಿಮೇಡ್ ಬಿಲ್ಲಿಂಗ್ ಸಾಫ್ಟ್‌ವೇರ್ ತಂದಿದ್ದರು. ಪರದೆ ಮೇಲೆ ಕನ್ನಡ ಚೆನ್ನಾಗೇ ಕಾಣುತ್ತಿತ್ತು. ಪಿಡಿಎಫ್ ಮಾಡಿದ ಕೂಡಲೇ "ಅಚ್ಚು ಬೆಲ್ಲ" ಹೋಗಿ "ಅಚ್‌ಚು ಬೆಲ್‌ಲ" ಆಗುತ್ತಿತ್ತು. ಯಜಮಾನರು ಹಾಳೆ ನನ್ನ ಮುಂದೆ ಹಿಡಿದು, "ಏನಪ್ಪ ಇದು, ಬೆಲ್ಲಾನೇ ಒಡ್ದೋಗದಲ್ಲ. ನಮ್ ರೈತ್ರು ಇದ್ನ ಹೆಂಗ್ ಓದಾರು?" ಅಂದರು. ವರ್ಷದ ಲೈಸೆನ್ಸ್ ದುಡ್ಡು ಅಲ್ಲಿಗೆ ಹೋಯಿತು.

ಈ ಒತ್ತಕ್ಷರದ ಗೋಳನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಲೈಬ್ರರಿಯ ಆಯ್ಕೆ ನಿಂತಿರುವುದೇ ಇದರ ಮೇಲೆ. ಯುನಿಕೋಡಿನಲ್ಲಿ "ಲ್ಲ" ಅನ್ನುವುದು ಒಂದು ಅಕ್ಷರವಾಗಿ ಇರುವುದಿಲ್ಲ. ಲ, ಹಲಂತ ಚಿಹ್ನೆ (್), ಮತ್ತೊಂದು ಲ ಅಂತ ಮೂರು ಕೋಡ್‌ಪಾಯಿಂಟ್‌ಗಳು ಸಾಲಾಗಿ ಕೂತಿರುತ್ತವೆ. ಫಾಂಟಿನೊಳಗಿರುವ, ಯಾವ ಅಕ್ಷರ ಎಲ್ಲಿ ಯಾವ ಆಕಾರ ತಾಳಬೇಕು ಅನ್ನುವ ನಿಯಮಗಳ ಜಿಸಬ್ ಕೋಷ್ಟಕವನ್ನು ಓದಿ, ಎರಡನೇ ಲಕಾರವನ್ನು ಒತ್ತಾಗಿಸಿ ಮೊದಲನೆಯದರ ಕೆಳಗೆ ಕೂರಿಸುವುದು ಶೇಪಿಂಗ್ ಎಂಜಿನ್ ಕೆಲಸ. ಓಪನ್ ಸೋರ್ಸಿನಲ್ಲಿ ಈ ಕೆಲಸಕ್ಕೆ ಹಾರ್ಫ್‌ಬಜ್ ಇದೆ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲವೂ ಅದನ್ನೇ ಬಳಸುತ್ತವೆ. ಹಳೆಯ ಪಿಡಿಎಫ್ ಲೈಬ್ರರಿಗಳಲ್ಲಿ ಬಹುಪಾಲು ಈ ಹಂತವನ್ನೇ ಬಿಟ್ಟು, ಒಂದು ಕೋಡ್‌ಪಾಯಿಂಟ್‌ಗೆ ಒಂದು ಗ್ಲಿಫ್ (ಫಾಂಟಿನಲ್ಲಿರುವ ಅಕ್ಷರದ ಚಿತ್ರ) ಅಂತ ಇಟ್ಟುಕೊಂಡು ಹೋಗುತ್ತವೆ. ಇಂಗ್ಲಿಷಿಗೆ ಅಷ್ಟು ಸಾಕು.

"ಖರ್ಚು" ಬರೆಯಿರಿ ನೋಡೋಣ. ಕೋಡಿನಲ್ಲಿ ರ ಮೊದಲು ಬರುತ್ತದೆ, ಕಾಗದದ ಮೇಲೆ ಅರ್ಕಾವತ್ತಾಗಿ ಚಕಾರದ ಆಚೆ ಕೂರುತ್ತದೆ. ಅಂದರೆ ಆಕಾರದ ಜೊತೆ ಜಾಗವನ್ನೂ ಬದಲಿಸಬೇಕು. "ಲಕ್ಷ್ಮಮ್ಮ" ಇನ್ನೂ ಕಠಿಣ: ಕಕಾರಕ್ಕೆ ಷ ಒತ್ತು, ಅದರ ಬೆನ್ನಿಗೆ ಮ ಒತ್ತು, ಅದು ಮುಗಿಯುವಷ್ಟರಲ್ಲಿ ಮತ್ತೊಂದು ಮ್ಮ. ಯಾವ ಹೊಸ ಲೈಬ್ರರಿ ಕೈಗೆ ಬಂದರೂ ನಾನು ಮೊದಲು ಅಚ್ಚು ಮಾಡುವುದು ಒಂದೇ ಸಾಲು: "ಲಕ್ಷ್ಮಮ್ಮ, ಮದ್ದೂರು, ಅಚ್ಚು ಬೆಲ್ಲ, ಖರ್ಚು, ಕ್ವಿಂಟಾಲ್‌ಗೆ". ನಾಗಮಂಗಲ, ಪಾಂಡವಪುರ ಹಾಕಿ ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಒತ್ತೇ ಇಲ್ಲದ ಊರುಗಳು, ಎಂಥ ಲೈಬ್ರರಿಯಲ್ಲೂ ಹೇಗೋ ಪಾಸಾಗಿಬಿಡುತ್ತವೆ.

ಆ ಸಾಲಿನ ಕೊನೆಯ ಪದದ್ದು ಬೇರೆಯೇ ತರಲೆ. "ಕ್ವಿಂಟಾಲ್‌ಗೆ" ಅನ್ನುವಲ್ಲಿ ಲ್ ಮತ್ತು ಗೆ ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದು ಇರುತ್ತದೆ, ಝೀರೋ ವಿಡ್ತ್ ನಾನ್ ಜಾಯ್ನರ್, ಯು+200ಸಿ. ಅದು ಬಿದ್ದುಹೋದರೆ ಗಕಾರ ಒತ್ತಾಗಿ "ಕ್ವಿಂಟಾಲ್ಗೆ" ಬರುತ್ತದೆ. ಇದರಲ್ಲಿ ಪಿಡಿಎಫ್ ಲೈಬ್ರರಿಯ ತಪ್ಪು ಏನೂ ಇರುವುದಿಲ್ಲ. ಫಾರ್ಮಿನಲ್ಲಿ ಬಂದ ಪಠ್ಯವನ್ನು ಸ್ವಚ್ಛ ಮಾಡುವ ಕೋಡು ಕಾಣದ ಅಕ್ಷರಗಳನ್ನೆಲ್ಲ ಕಸ ಅಂತ ಗುಡಿಸಿಹಾಕಿರುತ್ತದೆ. ಫಾಂಟನ್ನು ಬೈಯುವ ಮುಂಚೆ ಡೇಟಾಬೇಸಿನಲ್ಲಿ ಆ ಅಕ್ಷರ ಉಳಿದಿದೆಯಾ ನೋಡಿ.

ಕನ್ನಡಕ್ಕೆ ಶೇಪಿಂಗ್ ಮಾಡದ ಪಿಎಚ್‌ಪಿ ಲೈಬ್ರರಿಗಳಾದ ಡಾಂಪಿಡಿಎಫ್, ಟಿಸಿಪಿಡಿಎಫ್ ಎರಡೂ ಇಲ್ಲಿಗೆ ಆಟದಿಂದ ಹೊರಗೆ. ಟಿಸಿಪಿಡಿಎಫ್ ಅರೇಬಿಕ್ ಅಕ್ಷರಗಳನ್ನು ಕೂಡಿಸುತ್ತದೆ, ಭಾರತೀಯ ಲಿಪಿಗಳ ಗೋಜಿಗೆ ಹೋಗುವುದಿಲ್ಲ. ಬ್ರೌಸರಿನೊಳಗೇ ಪಿಡಿಎಫ್ ಕಟ್ಟುವ ಜೆಎಸ್‌ಪಿಡಿಎಫ್ ಕಥೆಯೂ ಅಷ್ಟೆ. "ಫಾಂಟ್ ಬದಲಿಸಿ ನೋಡಿ" ಅಂತ ಸಲಹೆ ಕೊಡುವವರು ಎಲ್ಲ ಕಡೆ ಸಿಗುತ್ತಾರೆ. ನಿಯಮ ಓದುವವರೇ ಇಲ್ಲದ ಮೇಲೆ ಯಾವ ಫಾಂಟ್ ಹಾಕಿದರೇನು?

ಡಬ್ಲ್ಯುಕೆ-ಎಚ್‌ಟಿಎಂಎಲ್-ಟು-ಪಿಡಿಎಫ್ ಹಳೇ ಪ್ರಾಜೆಕ್ಟುಗಳಲ್ಲಿ ಇನ್ನೂ ಕಾಣುತ್ತದೆ. ಕೊನೆಯ ಸ್ಥಿರ ಆವೃತ್ತಿ 2020ರದ್ದು, 2023ರಲ್ಲಿ ಕೋಡ್ ಭಂಡಾರಕ್ಕೆ ಬೀಗ ಬಿದ್ದಿದೆ. ಹೊಸದಾಗಿ ಹಾಕಬೇಡಿ.

ಪಿಎಚ್‌ಪಿಯವರಿಗೆ ಉಳಿಯುವುದು ಎಂಪಿಡಿಎಫ್, ಮತ್ತು ಅದು ಒಳ್ಳೆಯದೇ. ಓಪನ್‌ಟೈಪ್ ಫಾಂಟಿನ ಶೇಪಿಂಗ್ ನಿಯಮಗಳನ್ನು ಓದುವ ಕೆಲಸವನ್ನು 6ನೇ ಆವೃತ್ತಿಯಿಂದ ಪಿಎಚ್‌ಪಿಯಲ್ಲೇ ಬರೆದಿದ್ದಾರೆ, ಲೋಹಿತ್ ಕನ್ನಡ ಫಾಂಟೂ ಜೊತೆಯಲ್ಲೇ ಬರುತ್ತದೆ. ಲಕ್ಷ್ಮಮ್ಮ ಪಾಸು. ನಿಮ್ಮದೇ ಫಾಂಟ್ ಸೇರಿಸುವುದಾದರೆ ಯೂಸ್‌ಒಟಿಎಲ್ ಸೆಟ್ಟಿಂಗನ್ನು 255 ಮಾಡಬೇಕು, ಇಲ್ಲದಿದ್ದರೆ ಬೆಲ್ಲ ಮತ್ತೆ ಒಡೆಯುತ್ತದೆ. ಶೇರ್ಡ್ ಹೋಸ್ಟಿಂಗ್ ಬಿಟ್ಟು ಬೇರೇನೂ ಇಲ್ಲದವರಿಗೆ ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ. ಸಿಎಸ್‌ಎಸ್ ಮಾತ್ರ ಹಳೇ ಕಾಲದ್ದು. ಫ್ಲೆಕ್ಸ್‌ಬಾಕ್ಸ್ ಇಲ್ಲ, ಟೇಬಲ್ಲಿನೊಳಗೆ ಟೇಬಲ್ ಇಡುವ ವಿದ್ಯೆ ಮತ್ತೆ ನೆನಪು ಮಾಡಿಕೊಳ್ಳಬೇಕು. ಒಂದು ಪಟ್ಟಿಗೋಸ್ಕರ ಜಾಂಗೋ ಪಕ್ಕದಲ್ಲಿ ಪಿಎಚ್‌ಪಿ ಕೂರಿಸುವ ಮನಸ್ಸು ನನಗಂತೂ ಆಗಲಿಲ್ಲ.

ಅಂದದ ಲೆಕ್ಕದಲ್ಲಿ ಹೆಡ್‌ಲೆಸ್ ಕ್ರೋಮ್‌ಗೆ ಎದುರಿಲ್ಲ. ಬ್ರೌಸರಿನಲ್ಲಿ ಏನು ಕಾಣುತ್ತದೋ ಕಾಗದದ ಮೇಲೂ ಹೆಚ್ಚುಕಮ್ಮಿ ಅದೇ. ಗೊತ್ತಿರುವ ಸಿಎಸ್‌ಎಸ್ ಎಲ್ಲ ನಡೆಯುತ್ತದೆ, ಜಾವಾಸ್ಕ್ರಿಪ್ಟಿನ ಚಾರ್ಟುಗಳೂ ಬರುತ್ತವೆ. ಕ್ರೋಮನ್ನು ಕೋಡಿನಿಂದ ನಡೆಸುವ ಪಪೆಟಿಯರ್ ಹಾಕಿ, ಪುಟ ತೆರೆದು, ಪಿಡಿಎಫ್ ಅಂದರೆ ಮುಗಿಯಿತು. ಲ್ಯಾಪ್‌ಟಾಪಿನಲ್ಲಿ ಮುಗಿಯಿತು ಅಂತ ಓದಿಕೊಳ್ಳಿ.

ಸರ್ವರಿಗೆ ಏರಿಸಿದ ಮೇಲೆ ಪಟ್ಟಿಯ ತುಂಬ ಚೌಕ ಚೌಕ ಡಬ್ಬಿಗಳು. ಸರ್ವರಿಗೆಂದು ಸಿಗುವ ಲಿನಕ್ಸ್ ಇಮೇಜುಗಳಲ್ಲಿ ಸಾಮಾನ್ಯವಾಗಿ ಕನ್ನಡ ಫಾಂಟೇ ಇರುವುದಿಲ್ಲ. ಡೆಬಿಯನ್‌ನಲ್ಲಿ ಫಾಂಟ್ಸ್-ಗುಬ್ಬಿ ಪ್ಯಾಕೇಜ್ ಹಾಕಿದರೆ ಅಕ್ಷರ ಬರುತ್ತದೆ, ಆದರೆ ಲ್ಯಾಪ್‌ಟಾಪಿನಲ್ಲಿ ನೋಟೋ ಫಾಂಟ್ ಇಟ್ಟುಕೊಂಡು ಅಳತೆ ಮಾಡಿದ್ದರೆ ಸಾಲಿನ ಎತ್ತರ ಬದಲಾಗಿ, "ಕೈಗೆ ಬರುವ ಮೊತ್ತ" ಅನ್ನುವ ಒಂದೇ ಒಂದು ಸಾಲು ಎರಡನೇ ಪುಟಕ್ಕೆ ಜಾರುತ್ತದೆ. ರೈತರಿಗೆ ಬೇಕಾದದ್ದು ಅದೊಂದೇ ಸಾಲು! ಪರಿಹಾರ ಸರಳ: ನೋಟೋ ಸ್ಯಾನ್ಸ್ ಕನ್ನಡ ಫೈಲನ್ನು ಪ್ರಾಜೆಕ್ಟಿನೊಳಗೇ ಇಟ್ಟು ಸಿಎಸ್‌ಎಸ್‌ನಲ್ಲಿ ಅದನ್ನೇ ಹೆಸರಿಸಿ. ಮುಕ್ತ ಫಾಂಟ್ ಲೈಸೆನ್ಸ್ ಇರುವುದರಿಂದ ಜೊತೆಗೆ ಕೊಡಲು ಅಡ್ಡಿಯಿಲ್ಲ. ವೀಜಿಪ್ರಿಂಟಿಗೂ ಇದೇ ಮಾತು.

ಅದಾದ ಮೇಲೆ ರ‍್ಯಾಮ್. ಡಾಕರ್ ಕಂಟೇನರಿಗೆ (ಅಪ್ಲಿಕೇಶನನ್ನು ಪ್ರತ್ಯೇಕವಾಗಿ ಓಡಿಸುವ ಡಬ್ಬಿ) ಹಂಚಿಕೆಯ ಮೆಮೊರಿ ಸುಮ್ಮನಿದ್ದರೆ 64 ಎಂಬಿ ಸಿಗುತ್ತದೆ, ಕ್ರೋಮ್‌ಗೆ ಅದು ಎಲ್ಲಿಗೂ ಸಾಲದು. ಅದಕ್ಕೊಂದು ಫ್ಲಾಗ್, ರೂಟ್ ಬಳಕೆದಾರನಾಗಿ ಓಡಿಸಿದರೆ ಇನ್ನೊಂದು ಫ್ಲಾಗ್. ಹರಾಜು ಮುಗಿದ ಹೊತ್ತಿನಲ್ಲಿ ಗುಮಾಸ್ತರು ಪಟ್ಟಿಗಳನ್ನೆಲ್ಲ ಒಟ್ಟಿಗೆ ಒತ್ತುತ್ತಾರೆ. 1 ಜಿಬಿ ರ‍್ಯಾಮಿನ ಸರ್ವರಿನಲ್ಲಿ ಆಗ ಲಿನಕ್ಸ್ ಕರ್ನಲ್ ಯಾರನ್ನಾದರೂ ಕೊಲ್ಲಲೇಬೇಕು, ಎಷ್ಟೋ ಸಲ ಅದು ಕೊಲ್ಲುವುದು ಡೇಟಾಬೇಸನ್ನೇ. ಕೆಲಸ ಮುಗಿದರೂ ಸಾಯದೆ ಉಳಿದ ಕ್ರೋಮ್ ಪ್ರಕ್ರಿಯೆಗಳನ್ನು ಹುಡುಕಿ ಮುಗಿಸಲು ಇನ್ನೊಂದು ಸ್ಕ್ರಿಪ್ಟ್ ಬೇಕು. ದೊಡ್ಡ ಸರ್ವರಿಗೆ ಹೋದರೆ ಎಲ್ಲ ಸರಿಹೋಗುತ್ತದೆ, ತಿಂಗಳ ಬಾಡಿಗೆ ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ. ಯಜಮಾನರ ಪ್ರಶ್ನೆ ನ್ಯಾಯವಾದದ್ದೇ: "ಕಾಗ್ದ ಪ್ರಿಂಟ್ ಮಾಡಕ್ಕೂ ತಿಂಗ್ಳಾ ತಿಂಗ್ಳಾ ಬಾಡ್ಗೆ ಜಾಸ್ತಿ ಕೊಡ್ಬೇಕೇನಪ್ಪ?"

ವೀಜಿಪ್ರಿಂಟ್ ನನಗೆ ಒಗ್ಗಿದ್ದು ಇಲ್ಲೇ. ಫ್ರಾನ್ಸಿನಲ್ಲಿ ಹುಟ್ಟಿದ ಪೈಥಾನ್ ಲೈಬ್ರರಿ, ಬಿಎಸ್‌ಡಿ ಲೈಸೆನ್ಸ್. ಒಳಗೆ ಬ್ರೌಸರ್ ಇಲ್ಲ. ಎಚ್‌ಟಿಎಂಎಲ್, ಸಿಎಸ್‌ಎಸ್ ತಾನೇ ಓದಿಕೊಂಡು, ಅಕ್ಷರ ಜೋಡಿಸುವುದನ್ನು ಪ್ಯಾಂಗೋ ಎಂಬ ಇನ್ನೊಂದು ಲೈಬ್ರರಿಗೆ ಬಿಡುತ್ತದೆ, ಪ್ಯಾಂಗೋ ಹಾರ್ಫ್‌ಬಜ್‌ಗೆ ಕೊಡುತ್ತದೆ. ಜಾಂಗೋ ಟೆಂಪ್ಲೇಟ್ ಹೇಗೂ ಇದೆ, ಒಂದು ಫಂಕ್ಷನ್ ಕರೆದರೆ ಪಿಡಿಎಫ್ ಕೈಗೆ. ಅದೇ 1 ಜಿಬಿ ಸರ್ವರಿನಲ್ಲಿ ಡೇಟಾಬೇಸ್ ಜೊತೆ ಜಗಳವಿಲ್ಲದೆ ಇದೆ. ಪ್ರತಿ ಪುಟದ ನೆತ್ತಿಯಲ್ಲಿ ಮಂಡಿಯ ಹೆಸರು, ಕೆಳಗೆ ಪುಟಸಂಖ್ಯೆ ಅಂತ ಸಿಎಸ್‌ಎಸ್‌ನಲ್ಲೇ ಬರೆಯುವ ಸೌಲಭ್ಯ ಇದರಲ್ಲಿ ವರ್ಷಗಳಿಂದ ಇದೆ. ಕ್ರೋಮ್‌ಗೆ ಅದು ಬಂದದ್ದು 2024ರಲ್ಲಿ, 131ನೇ ಆವೃತ್ತಿಗೆ.

ಫಾಂಟನ್ನು ಸಿಎಸ್‌ಎಸ್‌ನಿಂದ ಕೊಡುವಾಗ ಫಾಂಟ್ ಕಾನ್ಫಿಗರೇಶನ್ ಅನ್ನುವ ಆಬ್ಜೆಕ್ಟನ್ನು ಸಿಎಸ್‌ಎಸ್‌ಗೂ ಪಿಡಿಎಫ್ ಬರೆಯುವ ಕರೆಗೂ ಎರಡೂ ಕಡೆ ಕೊಡಿ. ಸಾಲಿನ ಎತ್ತರ 1.7ರಷ್ಟಾದರೂ ಇರಲಿ, ಇಲ್ಲದಿದ್ದರೆ ಲಕ್ಷ್ಮಮ್ಮನ ಒತ್ತುಗಳು ಟೇಬಲ್ಲಿನ ಗೆರೆಗೆ ತಾಗುತ್ತವೆ.

ವೀಜಿಪ್ರಿಂಟಿನಲ್ಲಿ ಜಾವಾಸ್ಕ್ರಿಪ್ಟ್ ಓಡುವುದಿಲ್ಲ. ಹಾಗಾಗಿ 1,25,000 ಅಂತ ಲಕ್ಷದ ಜಾಗಕ್ಕೆ ಅಲ್ಪವಿರಾಮ ಹಾಕುವ ಕೆಲಸ ಪೈಥಾನ್ ಕಡೆಯೇ ಆಗಬೇಕು. ಪೈಥಾನಿನ ಮಾಮೂಲಿ ಫಾರ್ಮ್ಯಾಟ್ 125,000 ಅನ್ನುತ್ತದೆ, ಮಂಡ್ಯದಲ್ಲಿ ಅದನ್ನು ಯಾರೂ ಒಪ್ಪುವುದಿಲ್ಲ. ಬೇಬೆಲ್ ಲೈಬ್ರರಿಗೆ ಭಾರತದ ಇಂಗ್ಲಿಷ್ ಲೊಕೇಲ್ (en_IN) ಹೇಳಿದರೆ ಸರಿಯಾಗುತ್ತದೆ.

ಇದರ ದೊಡ್ಡ ಕಿರಿಕಿರಿ ವಿಂಡೋಸ್. ನೆಟ್ ಇಲ್ಲದಾಗಲೂ ನಡೆಯಲಿ ಅಂತ ಮಂಡಿಯ ಕಂಪ್ಯೂಟರಿನಲ್ಲೇ ಕೂರಿಸುವ ಯೋಚನೆ ಇತ್ತು. ಪೈಥಾನ್ ಲೈಬ್ರರಿಗಳನ್ನು ಹಾಕಿಕೊಡುವ ಪಿಪ್ ಪೈಥಾನ್ ಭಾಗವನ್ನು ತರುತ್ತದೆ, ಪ್ಯಾಂಗೋವನ್ನು ತರುವುದಿಲ್ಲ. ಓಡಿಸಿದರೆ ಜಿಆಬ್ಜೆಕ್ಟ್ ಲೈಬ್ರರಿ ಸಿಗಲಿಲ್ಲ ಅನ್ನುವ ಎರರ್. ಅದಕ್ಕೆ ಎಂಸಿಸ್2 (ಇಂಥ ಲೈಬ್ರರಿಗಳನ್ನು ವಿಂಡೋಸಿಗೆ ತಂದುಕೊಡುವ ಸಾಧನ) ಹಾಕಿ, ಅದರೊಳಗೆ ಪ್ಯಾಂಗೋ ಹಾಕಿ, ಅದು ಎಲ್ಲಿದೆ ಅಂತ ಪಾತ್ ತೋರಿಸಬೇಕು. ನನ್ನ ಕಂಪ್ಯೂಟರಿನಲ್ಲಾದರೆ ಇಷ್ಟೂ ಮಾಡಿಕೊಳ್ಳುತ್ತೇನೆ. ನಾಳೆ ಆ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡುವ ಹುಡುಗನಿಗೆ ಫೋನಿನಲ್ಲಿ ಇದನ್ನು ವಿವರಿಸುವುದು ನನ್ನಿಂದಾಗದ ಕೆಲಸ. ಹಾಗಾಗಿ ವೀಜಿಪ್ರಿಂಟ್ ಸರ್ವರಿನಲ್ಲೇ ಉಳಿಯಿತು, ಮಂಡಿಯಲ್ಲಿ ಬರೀ ಬ್ರೌಸರ್, ನೆಟ್ ಹೋದ ದಿನ ಕೈಬರಹದ ಪಟ್ಟಿ.

ಉದ್ದದ ಟೇಬಲ್ ಬಂದರೆ ವೀಜಿಪ್ರಿಂಟ್ ನಿಧಾನ, ರ‍್ಯಾಮೂ ತಿನ್ನುತ್ತದೆ. ವರ್ಷಾಂತ್ಯದ ಲೆಡ್ಜರನ್ನು ರಾತ್ರಿ, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೆ ಬಿಟ್ಟು ಮಲಗುವುದು ನನ್ನ ರೂಢಿ.

ಪಿಡಿಎಫ್‌ನಿಂದ ಕನ್ನಡ ಹೆಸರನ್ನು ಕಾಪಿ ಮಾಡಿದರೆ ಒತ್ತುಗಳು ಹಿಂದುಮುಂದಾಗುತ್ತವೆ, ಈ ವಿಷಯದಲ್ಲಿ ಕ್ರೋಮೂ ಸಾಚಾ ಅಲ್ಲ. ಪಟ್ಟಿ ನಂಬರಿನಿಂದ ಹುಡುಕಿ.

ಲಿಬ್ರೆಆಫೀಸ್ ಬಗ್ಗೆ ಎರಡು ಮಾತು. ರೈಟರ್‌ನಲ್ಲಿ ಪಟ್ಟಿಯ ನಮೂನೆ ಮಾಡಿಟ್ಟು, ಪರದೆಯಿಲ್ಲದೆ ಓಡಿಸಿ ಪಿಡಿಎಫ್ ಮಾಡಿಸಬಹುದು. ಒತ್ತಕ್ಷರ ಪಕ್ಕಾ, ನಮೂನೆಯನ್ನು ಯಜಮಾನರ ಮಗನೇ ತಿದ್ದಿಕೊಳ್ಳಬಹುದು. ಆದರೆ ಒಂದೇ ಪ್ರೊಫೈಲಿನಲ್ಲಿ ಎರಡು ಕೆಲಸ ಒಟ್ಟಿಗೆ ಬಿದ್ದರೆ ಒಂದು ಸುಮ್ಮನೆ ನಿಂತುಬಿಡುತ್ತದೆ, ಪ್ರತಿಯೊಂದಕ್ಕೂ ಬೇರೆ ಪ್ರೊಫೈಲ್ ಕೊಡಬೇಕು. ದಿನಕ್ಕೆ ನಾಲ್ಕು ಪ್ರಮಾಣಪತ್ರ ಕೊಡುವ ಕಚೇರಿಗೆ ನಾನು ಇದನ್ನೇ ಹೇಳುತ್ತೇನೆ. ಎಚ್‌ಟಿಎಂಎಲ್ಲೇ ಬೇಡ, ಎಲ್ಲವನ್ನೂ ಕೋಡಿನಲ್ಲೇ ಅಳೆದು ಇಡುತ್ತೇನೆ ಅನ್ನುವವರಿಗೆ ಎಫ್‌ಪಿಡಿಎಫ್2 ಇದೆ. ಅದರಲ್ಲಿ ಟೆಕ್ಸ್ಟ್ ಶೇಪಿಂಗ್ ಆನ್ ಮಾಡಿದರೆ ಹಾರ್ಫ್‌ಬಜ್ ಕೆಲಸಕ್ಕೆ ಬರುತ್ತದೆ.

ಚಾರ್ಟು, ಬಣ್ಣ, ಗ್ರಾಫ್ ತುಂಬಿದ ವರದಿ ಬೇಕು, ಸರ್ವರ್ ಬಾಡಿಗೆ ಕಂಪನಿ ಕೊಡುತ್ತದೆ ಅನ್ನುವವರು ಕ್ರೋಮ್‌ಗೇ ಹೋಗಿ, ನನಗೇನೂ ಬೇಜಾರಿಲ್ಲ. ನನ್ನ ಗಿರಾಕಿಗಳು ಸರ್ವರ್ ಬಾಡಿಗೆಯನ್ನು ಬೆಲ್ಲದ ರೇಟಿನ ಜೊತೆ ತೂಗಿ ನೋಡುವವರು.

ಉಳಿದದ್ದು ಥರ್ಮಲ್ ಪ್ರಿಂಟರ್. ತೂಕದ ಚೀಟಿಯನ್ನು ಸಣ್ಣ ರೋಲಿನಲ್ಲಿ ಕೊಡಿ ಅಂತ ಬಹಳ ಅಂಗಡಿಗಳವರು ಕೇಳುತ್ತಾರೆ. ಅಗ್ಗದ ಪ್ರಿಂಟರುಗಳ ಹೊಟ್ಟೆಯಲ್ಲಿ ಕನ್ನಡ ಇರುವುದಿಲ್ಲ, ಅಕ್ಷರ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆ ಉಗುಳುತ್ತವೆ. ಚಿತ್ರ ಮಾಡಿಯೇ ಕಳಿಸಬೇಕು. ವೀಜಿಪ್ರಿಂಟಿನಲ್ಲಿ ಮೊದಲು ನೇರವಾಗಿ ಪಿಎನ್‌ಜಿ ಬರೆಯುವ ಸೌಲಭ್ಯ ಇತ್ತು, 53ನೇ ಆವೃತ್ತಿಯಲ್ಲಿ ತೆಗೆದರು. ಈಗ ನಾನು ಪಿಡಿಎಫ್ ಮಾಡಿಸಿ, ಪಾಪ್ಲರ್ ಜೊತೆ ಬರುವ ಪಿಡಿಎಫ್‌ಟುಪಿಪಿಎಂನಿಂದ ಚಿತ್ರವಾಗಿಸಿ, ಪೈಥಾನ್-ಎಸ್ಕ್‌ಪಾಸ್ ಮೂಲಕ ಪ್ರಿಂಟರಿಗೆ ತಳ್ಳುತ್ತೇನೆ. 58 ಮಿ.ಮೀ. ರೋಲಿಗೆ ಅಗಲ 384 ಚುಕ್ಕಿ, 80 ಮಿ.ಮೀ. ರೋಲಿಗೆ 576. ಫಾಂಟ್ ಬೋಲ್ಡ್ ಇರಲಿ, ತೆಳು ಅಕ್ಷರದಲ್ಲಿ ಒತ್ತುಗಳು ಆ ಕಾಗದದ ಮೇಲೆ ಮೂಡುವುದೇ ಇಲ್ಲ.