ಒಂದೇ ಕಂಪನಿಯ ಏಳು ಆಪ್, ಒಂದು ಭರಣಿ ಉಪ್ಪಿನಕಾಯಿ

ಫೇಸ್‌ಬುಕ್, ಮೆಸೆಂಜರ್, ಇನ್‌ಸ್ಟಾಗ್ರಾಂ, ಥ್ರೆಡ್ಸ್, ವಾಟ್ಸಾಪ್, ವಾಟ್ಸಾಪ್ ಬಿಸಿನೆಸ್, ಮೆಟಾ ಬಿಸಿನೆಸ್ ಸೂಟ್. ಏಳೂ ಮೆಟಾ ಕಂಪನಿಯದ್ದೇ. ಇಷ್ಟನ್ನೂ ಫೋನಿನಲ್ಲಿ ತುಂಬಿಕೊಂಡು ನಾನು ಮಾರುವುದು ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲು ಸಿಪ್ಪೆ, ಮತ್ತೆ ಆರ್ಡರ್ ಇದ್ದರೆ ತೊಡದೇವು ಅನ್ನುವ ತೆಳ್ಳನೆ ಸಿಹಿತಿಂಡಿ. ಸಿರಸಿಯಿಂದ ಸ್ವಲ್ಪ ಒಳಗಿನ ಹಳ್ಳಿ ನಮ್ಮದು. ಕೊರೊನಾ ಕಾಲದಲ್ಲಿ ಶುರುವಾದ ಈ ವ್ಯಾಪಾರ ಇನ್ನೂ ನಡೆಯುತ್ತಿದೆ, ಈ ಆಪ್‌ಗಳ ಸಹವಾಸವೂ ಅಷ್ಟೇ ಹಳೆಯದು.

ಯಾವ ಆಪ್‌ನಲ್ಲಿ ಏನೇನು ಇದೆ ಅಂತ ನಿಮಗೆಲ್ಲ ಗೊತ್ತು, ಅದನ್ನು ಬರೆಯುವುದಿಲ್ಲ. ನನ್ನ ತಕರಾರು ಒಂದೇ. ಬಂದ ಮೆಸೇಜು ಓದಲಿಕ್ಕೆ ಇಷ್ಟು ಕಡೆ ಯಾಕೆ ಹೋಗಬೇಕು?

ನಮ್ಮ ಮನೆಯೊಳಗೆ ಸಿಗ್ನಲ್ ಇಲ್ಲ. ಸುತ್ತ ಗುಡ್ಡ, ಕೆಳಗೆ ತೋಟ. ಕೊಟ್ಟಿಗೆ ಪಕ್ಕದ ಕಟ್ಟೆಯ ಒಂದು ತುದಿಯಲ್ಲಿ ಕೂತರೆ ಎರಡು ಕಡ್ಡಿ ಬರುತ್ತದೆ. ಬೆಳಿಗ್ಗೆ ಹಾಲು ಕರೆದು ಆದಮೇಲೆ ಕಷಾಯದ ಲೋಟ ಹಿಡಿದು ನಾನು ಅಲ್ಲಿಗೇ ಹೋಗುವುದು. ಮೊದಲು ಫೇಸ್‌ಬುಕ್ ತೆರೆದು ಪೇಜಿನ ಕಾಮೆಂಟು ನೋಡಬೇಕು. ಅಲ್ಲೇ ಯಾರೋ "ಮೆಸೇಜ್ ಮಾಡಿದ್ದೇನೆ ಅಕ್ಕಾ, ನೋಡಿ" ಅಂತ ಬರೆದಿರುತ್ತಾರೆ. ಸರಿ, ಮೆಸೆಂಜರ್. ಆಮೇಲೆ ಇನ್‌ಸ್ಟಾಗ್ರಾಂ. ಅದರೊಳಗೆ ಗುರುತಿಲ್ಲದವರ ಮೆಸೇಜು ಇರುವ ಜಾಗವೇ ಬೇರೆ, ಅಲ್ಲೂ ಇಣುಕಬೇಕು. ಥ್ರೆಡ್ಸ್‌ನಲ್ಲಿ ಮೊದಲು ಇನ್‌ಬಾಕ್ಸೇ ಇರಲಿಲ್ಲ. ಇರುವವುಗಳಲ್ಲಿ ಇದೊಂದು ಒಳ್ಳೆಯದು ಅಂದುಕೊಂಡಿದ್ದೆ. 2025ರಲ್ಲಿ ಅದಕ್ಕೂ ಇನ್‌ಬಾಕ್ಸ್ ಬಂತು! ಕೊನೆಗೆ ವಾಟ್ಸಾಪ್. ಅಷ್ಟರಲ್ಲಿ ಕಷಾಯ ಆರಿ ಕೆನೆ ಕಟ್ಟಿರುತ್ತದೆ. ಒಳಗಿನಿಂದ ಅತ್ತೆ ಕೂಗುತ್ತಾರೆ, "ಎಂತದೇ ಮಾರಾಯ್ತಿ, ಆರ್ಡರ್ ಇದ್ದಾ ಇಲ್ಯಾ?"

ಆ ಪ್ರಶ್ನೆಗೆ ಒಂದೇ ಸಲಕ್ಕೆ ಉತ್ತರ ಕೊಡುವ ಆಪ್ ಈ ಏಳರಲ್ಲಿ ಒಂದೂ ಇಲ್ಲ.

ಇದೆಲ್ಲ ಮೊದಲಿನಿಂದ ಹೀಗೆ ಇರಲಿಲ್ಲ ಅನ್ನುವುದೇ ಸಿಟ್ಟು ಬರಿಸುವ ವಿಷಯ. ಫೇಸ್‌ಬುಕ್ ಆಪ್‌ನ ಒಳಗೇ ಮೆಸೇಜು ಓದಿ, ಅಲ್ಲೇ ಉತ್ತರ ಬರೆಯುವ ಕಾಲ ಇತ್ತು. 2014ರಲ್ಲಿ ಅದನ್ನು ತೆಗೆದು, ಮೆಸೇಜು ಬೇಕಾದರೆ ಮೆಸೆಂಜರ್ ಹಾಕಿಕೊಳ್ಳಿ ಅಂದರು. ಜನ ರೇಗಿದರು. ಆ ವರ್ಷದ ನವೆಂಬರಿನಲ್ಲಿ ಕಂಪನಿಯ ಮುಖ್ಯಸ್ಥ ಜಕರ್‌ಬರ್ಗ್ ಅವರೇ ಜನರ ಪ್ರಶ್ನೆಗೆ ಉತ್ತರ ಕೊಡುತ್ತಾ, ಎಲ್ಲರಿಗೂ ಇನ್ನೊಂದು ಆಪ್ ಹಾಕಿಕೊಳ್ಳಿ ಅನ್ನುವುದು ದೊಡ್ಡ ಬೇಡಿಕೆಯೇ ಹೌದು ಅಂತ ಒಪ್ಪಿಕೊಂಡರು. ಬೇರೆ ಆಪ್ ಆದರೆ ಮೆಸೇಜು ಬೇಗ ಸಿಗುತ್ತದೆ ಅನ್ನುವುದು ಅವರ ವಾದ. ಇರಬಹುದು. ಆದರೆ ಮಗನ ಲ್ಯಾಪ್‌ಟಾಪಿನಲ್ಲಿ ಫೇಸ್‌ಬುಕ್ ತೆರೆದರೆ ಮೆಸೇಜು ಅದೇ ಪುಟದಲ್ಲಿ ಬರುತ್ತದೆ, ಎಲ್ಲಿಗೂ ಓಡಿಸುವುದಿಲ್ಲ. ಅಲ್ಲಿ ಆಗುವುದು ನನ್ನ ಫೋನಿನಲ್ಲಿ ಯಾಕೆ ಆಗಬಾರದು? ಹಳೆ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ, ನಿಮ್ಮ ಚೀಲ ಹೊಸ ಬಸ್‌ಸ್ಟ್ಯಾಂಡಿನಲ್ಲಿದೆ, ಹೋಗಿ ತಗೊಳ್ಳಿ ಅಂದ ಹಾಗೆ ಇದು.

ನನ್ನ ಫೋನು 64 ಜಿಬಿಯದ್ದು. ಹಪ್ಪಳದ ವಿಡಿಯೋ, ಮೊಮ್ಮಗುವಿನ ವಿಡಿಯೋ, ದೇವಸ್ಥಾನದ ಗ್ರೂಪಿನ ಗುಡ್ ಮಾರ್ನಿಂಗ್ ಚಿತ್ರ, ಎಲ್ಲ ಅದರಲ್ಲೇ. ಆಪ್ ಜಾಸ್ತಿ ಆಯಿತು ಅಂತ ಹೊಸ ಫೋನು ತೆಗೆಯುವಷ್ಟು ಲಾಭ ಉಪ್ಪಿನಕಾಯಿಯಲ್ಲಿ ಇಲ್ಲ. ನಮ್ಮಂಥವರಿಗೆ ಅಂತಲೇ ಮೆಸೆಂಜರ್ ಲೈಟ್ ಅಂತ ಒಂದು ಪುಟ್ಟ ಆಪ್ ಇತ್ತು. ಆಡಂಬರ ಜಾಸ್ತಿ ಇರಲಿಲ್ಲ. ಮೆಸೇಜು ಬರುತ್ತಿತ್ತು, ಹೋಗುತ್ತಿತ್ತು. ನನಗೆ ಬಹಳ ಇಷ್ಟವಾಗಿತ್ತು. 2023ರಲ್ಲಿ ಅದನ್ನು ಮುಚ್ಚಿದರು. ಬೇಡದ್ದನ್ನು ಹುಟ್ಟಿಸುವುದು, ಬೇಕಾದ್ದನ್ನು ಮುಚ್ಚುವುದು.

ಹುಟ್ಟಿಸಿ ಮುಚ್ಚಿದ್ದು ಇನ್ನೂ ಇವೆ. ಉದ್ದ ವಿಡಿಯೋಗೆ ಅಂತ 2018ರಲ್ಲಿ ಐಜಿಟಿವಿ ಬಂತು, 2022ರಲ್ಲಿ ಆ ಆಪ್ ಹೋಯಿತು. ಥ್ರೆಡ್ಸ್ ಕಥೆ ಅಂತೂ ತಮಾಷೆ. 2019ರಲ್ಲಿ ಆ ಹೆಸರಿನಲ್ಲಿ ಆಪ್ತರಿಗೆ ಮೆಸೇಜು ಕಳಿಸುವ ಒಂದು ಆಪ್ ತಂದು, 2021ರ ಕೊನೆಗೆ ಮುಚ್ಚಿದರು. 2023ರ ಜುಲೈಯಲ್ಲಿ ಅದೇ ಹೆಸರಿನಲ್ಲಿ, ಎಲ್ಲರೂ ಓದುವ ಹಾಗೆ ಸಣ್ಣ ಬರಹ ಹಾಕುವ ಬೇರೆಯೇ ಒಂದು ಆಪ್ ಬಂತು. ಅದನ್ನು ಪೂರ್ತಿ ಅಳಿಸಬೇಕು ಅಂದರೆ ಇನ್‌ಸ್ಟಾಗ್ರಾಂ ಖಾತೆಯನ್ನೂ ಅಳಿಸಬೇಕಿತ್ತು. ಅದು ಸರಿಹೋಗಿದ್ದು ಆ ವರ್ಷದ ನವೆಂಬರಿಗೆ.

ಹೋದ ಬೇಸಿಗೆಯಲ್ಲಿ ಹುಬ್ಬಳ್ಳಿಯವರೊಬ್ಬರು ಗೃಹಪ್ರವೇಶಕ್ಕೆ ಅಂತ ಒಳ್ಳೆ ದೊಡ್ಡ ಆರ್ಡರ್ ಕೇಳಿ ಬರೆದಿದ್ದರು. ಹಪ್ಪಳ, ಉಪ್ಪಿನಕಾಯಿ ಎರಡೂ. ಯಾವ ಆಪ್ ಅಂತ ಇಲ್ಲಿ ಬೇಡ ಬಿಡಿ. ಮೆಸೇಜು ಯಾವುದೋ ಒಳಡಬ್ಬಿಗೆ ಹೋಗಿ ಕೂತಿತ್ತು, ಟಿಂಗ್ ಅಂತ ಸದ್ದು ಕೂಡ ಇಲ್ಲ. ನನ್ನ ಕಣ್ಣಿಗೆ ಬೀಳುವಾಗ ಅವರ ಗೃಹಪ್ರವೇಶ ಮುಗಿದು, ಫೋಟೋನೂ ಹಾಕಿ ಆಗಿತ್ತು. ಊಟದ ಎಲೆಯಲ್ಲಿ ಬೇರೆ ಯಾರದೋ ಹಪ್ಪಳ!

ಇಂಥ ತೊಂದರೆ ತಪ್ಪಿಸಲಿಕ್ಕೆ ಅಂತಲೇ ಬಿಸಿನೆಸ್ ಸೂಟ್ ಇದೆ. ಫೇಸ್‌ಬುಕ್ ಪೇಜು, ಇನ್‌ಸ್ಟಾಗ್ರಾಂ ಎರಡರ ಮೆಸೇಜೂ ಒಂದೇ ಕಡೆ ತೋರಿಸುತ್ತದೆ. ಅಂದರೆ ಬೇರೆ ಬೇರೆ ಮಾಡಿದ್ದನ್ನು ಮತ್ತೆ ಸೇರಿಸಲಿಕ್ಕೆ ಇನ್ನೊಂದು ಆಪ್. ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ, ಅಲ್ವಾ? ಆದರೂ ಹುಬ್ಬಳ್ಳಿ ಆರ್ಡರ್ ಕೈತಪ್ಪಿದ ಮೇಲೆ ಹಾಕಿಕೊಂಡೆ.

ಇಷ್ಟೆಲ್ಲ ಬೈದವಳು ಒಂದು ಆಪ್ ಬಗ್ಗೆ ಮಾತ್ರ ಒಳ್ಳೆ ಮಾತು ಹೇಳಲೇಬೇಕು. ವಾಟ್ಸಾಪ್ ಬಿಸಿನೆಸ್. 2018ರಲ್ಲಿ ಬಂದಿದ್ದು. ವಾಟ್ಸಾಪ್ ಇರುವಾಗ ಇದೆಂತಕ್ಕೆ ಇನ್ನೊಂದು ಅಂತ ಮಗನ ಹತ್ತಿರ ವಾದ ಮಾಡಿದ್ದೆ. ಅವನು ಎರಡನೇ ಸಿಮ್ಮಿನ ನಂಬರಿಗೆ ಅದನ್ನು ಹಾಕಿಕೊಟ್ಟ. ಮನೆ ಮಾತು ಒಂದರಲ್ಲಿ, ವ್ಯಾಪಾರ ಇನ್ನೊಂದರಲ್ಲಿ. ದೇವಸ್ಥಾನದ ಗ್ರೂಪಿನ ನಡುವೆ ಆರ್ಡರ್ ಹುಡುಕುವುದು ತಪ್ಪಿತು. ರಾತ್ರಿ ಊಟ ಆದಮೇಲೆ ಆ ಕಡೆ ಮುಖ ಹಾಕುವುದಿಲ್ಲ. "ನಾಳೆ ಬೆಳಿಗ್ಗೆ ಉತ್ತರಿಸುತ್ತೇನೆ" ಅಂತ ಅದೇ ಹೇಳಿಬಿಡುತ್ತದೆ.

ನನಗೆ ಖುಷಿ ಕೊಟ್ಟಿದ್ದು ಅದರ ಸಿದ್ಧ ಉತ್ತರ. ಓರೆ ಗೀಟು (/) ಹಾಕಿ ಒಂದು ಪದ ಒತ್ತಿದರೆ ಪೂರ್ತಿ ಉತ್ತರ ಬಂದು ಕೂರುತ್ತದೆ. "ಅನಂತಭಟ್ಟನ ಅಪ್ಪೆಯೇ ಹೌದಾ?" ಅಂತ ಎಲ್ಲರೂ ಕೇಳುತ್ತಾರೆ, ಮಿಡಿ ಉಪ್ಪಿನಕಾಯಿಗೆ ಹೆಸರಾದ ಮಾವಿನ ತಳಿ ಅದು. ಅದಕ್ಕೆ ಒಂದು. "ತೊಡದೇವು ಮುರಿಯದೆ ಬರ್ತದಾ?" ಅನ್ನುವವರಿಗೆ ಇನ್ನೊಂದು: ಒಂದೆರಡು ಮುರಿಯುತ್ತದೆ, ಅದಕ್ಕೇ ಎರಡು ಜಾಸ್ತಿ ಹಾಕುತ್ತೇನೆ. ದುಡ್ಡು ಬಂದವರಿಗೆ ಒಂದು ಬಣ್ಣದ ಲೇಬಲ್, ಬರಬೇಕಾದವರಿಗೆ ಇನ್ನೊಂದು. ಮೊದಲು ಇದನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆಯುತ್ತಿದ್ದೆ.

ಬೇರೆ ಆಪ್ ಅಂದರೆ ಹೀಗಿರಬೇಕು. ಇಲ್ಲಿ ಗೋಡೆ ಬೇಕಾಗಿದ್ದು ನನಗೆ, ನಾನೇ ಕಟ್ಟಿಕೊಂಡೆ. ಮೆಸೆಂಜರಿನ ಗೋಡೆ ಯಾರಿಗೆ ಬೇಕಾಗಿತ್ತು?

ಥ್ರೆಡ್ಸ್ ತೆಗೆದುಹಾಕಿದೆ, ಒಬ್ಬರೂ ಕೇಳಲಿಲ್ಲ. ಮೆಸೆಂಜರ್ ತೆಗೆಯುವ ಧೈರ್ಯ ಇಲ್ಲ. ಮುಂಬೈಯಲ್ಲಿರುವ ಹಳೆ ಗಿರಾಕಿಗಳು ಅದರಲ್ಲೇ ಬರೆಯುತ್ತಾರೆ, ಅವರನ್ನು ಬದಲಾಯಿಸುವುದು ಕಷ್ಟ. ಸಣ್ಣ ವ್ಯಾಪಾರ ಮಾಡುವ ಅಕ್ಕತಂಗಿಯರಿಗೆ ನಾನು ಹೇಳುವುದು, ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ, ಆ ನಂಬರನ್ನು ಎಲ್ಲ ಪೇಜಿನ ಮೇಲೂ ಬರೆಯಿರಿ. ಮತ್ತೆ, ಪೋಸ್ಟಿನ ಕೆಳಗೆ "ರೇಟ್ ಎಷ್ಟು?" ಅಂತ ಕೇಳಿದರೆ "ಇನ್‌ಬಾಕ್ಸ್ ನೋಡಿ" ಅನ್ನಬೇಡಿ. ಆ ಗಿರಾಕಿಯೂ ಇನ್ನೊಂದು ಕಡೆ ಹೋಗಿ ನೋಡಬೇಕಲ್ಲ. ನಾನು ಈಗ ರೇಟನ್ನು ಪೋಸ್ಟಿನ ಮೊದಲ ಸಾಲಿನಲ್ಲೇ ಹಾಕುತ್ತೇನೆ. ಅದರ ಕೆಳಗೂ "ರೇಟ್ ಎಷ್ಟು?" ಅಂತ ಕೇಳುವವರು ಇದ್ದಾರೆ, ಅವರಿಗೆ ಯಾವ ಆಪ್ ಬಂದರೂ ಉಪಯೋಗ ಇಲ್ಲ.